ಮೇಲಿನ ಮೊಳೆಯ ನೀರು

ದೋಣಿಯನ್ನು ತಳ್ಳಬಾರದು. ದೊಡ್ಡ ಮೇಸ್ತ್ರಿಯ ಶೆಡ್ಡಿನಲ್ಲಿ ಇದ್ದದ್ದು ಇದೊಂದೇ ಕಾನೂನು. ಉಳಿಯನ್ನು ಎಲ್ಲೆಂದರಲ್ಲಿ ಬಿಸಾಡಿ, ಬೈಸಿಕೊಳ್ಳುತ್ತೀರಿ, ಅಲ್ಲಿಗೆ ಮುಗಿಯಿತು. ಕೆಲಸಕ್ಕೆ ತಡವಾಗಿ ಬನ್ನಿ, ಅದಕ್ಕೂ ಬೈಗುಳವೇ. ಆದರೆ ಕಟ್ಟಿ ಮುಗಿದ ದೋಣಿಗೆ ಹೆಗಲು ಕೊಟ್ಟು 'ಐಲೇಸಾ' ಎಂದಿರೋ, ಮೇಸ್ತ್ರಿ ಕೈಗೆ ಸಿಕ್ಕ ಸುತ್ತಿಗೆ ಹಿಡಿದುಕೊಂಡೇ ಬರುತ್ತಿದ್ದರು.

"ನೀರು ತಾನಾಗಿ ಬಂದು ಎತ್ಕೊಂಡು ಹೋಗ್ಬೇಕು ಕಣ್ರೋ. ಕತ್ತು ಹಿಡಿದು ಮನೆಯಿಂದ ಹೊರಗೆ ದಬ್ಬೋಕೆ ಅದೇನು ಸಾಲ ಕೇಳೋಕೆ ಬಂದ ನೆಂಟನಾ?" ಎನ್ನುತ್ತಿದ್ದರು.

ಇದು ಬರೀ ಹಟವಲ್ಲ, ಹಿಂದೊಂದು ಕಾರಣವಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಅವರು ಇನ್ನೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದಾಗ, ಹತ್ತು ಜನ ಸೇರಿ ಒಂದು ದೋಣಿಯನ್ನು ತಳ್ಳಿ ನೀರಿಗೆ ಇಳಿಸಿದ್ದರು. ದೋಣಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ಹಾಕುವ ಮರವಿದೆಯಲ್ಲ, ಬೆನ್ನೆಲುಬು ಎನ್ನುತ್ತಾರೆ ಅದಕ್ಕೆ, ಅದು ಆ ತಳ್ಳಾಟದಲ್ಲಿ ಕೂದಲೆಳೆಯಷ್ಟು ತಿರುಚಿತು. ಅವತ್ತು ಯಾರಿಗೂ ಕಾಣಲಿಲ್ಲ. ವರ್ಷ ಕಳೆಯುವುದರೊಳಗೆ ಹಲಗೆಗಳ ಸಂದು ಬಿಟ್ಟುಕೊಂಡು ದೋಣಿ ಜರಡಿಯ ಹಾಗೆ ಸೋರತೊಡಗಿತು. ಅದನ್ನು ಒಡೆದು ಸೌದೆ ಮಾಡಿದ ದಿನ ಅತ್ತ ಹುಡುಗ ಇವರೇ.

ಶೆಡ್ಡು ಇದ್ದದ್ದು ನದಿ ಸಮುದ್ರಕ್ಕೆ ಸೇರುವ ದಂಡೆಯಲ್ಲಿ. ಮೇಲೆ ತಗಡು, ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ನೀರಿಗೆ ಬಟಾಬಯಲು, ಅದೇ ಬಾಗಿಲು. ಒಳಗೆ ಮರದ ಹೊಟ್ಟು, ಎಣ್ಣೆ, ಕೆಸರು ಮೂರೂ ಬೆರೆತ ವಾಸನೆ. ನೆಲ ನೀರಿನ ಕಡೆಗೆ ಇಳಿಜಾರು. ಆ ನೆಲಕ್ಕೆ ಸಾಲಾಗಿ ಗೂಟ ಹೊಡೆದು, ಗೂಟಗಳ ತಲೆಯನ್ನು ಒಂದೇ ಮಟ್ಟಕ್ಕೆ ಕೊಯ್ದು, ಅದರ ಮೇಲೆ ದೋಣಿ ಕಟ್ಟುವುದು. ದಿನನಿತ್ಯದ ಉಬ್ಬರ ಹೊಸಿಲ ತನಕ ಬಂದು ವಾಪಸು ಹೋಗುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಬರುವುದು ದೊಡ್ಡ ನೀರು. ಅದು ಬೆಳಗಿನ ತಿಂಡಿಯ ಹೊತ್ತು ದಾಟಿದ ಮೇಲೆ ನೇರವಾಗಿ ಶೆಡ್ಡಿನೊಳಕ್ಕೆ ಬಂದು, ಗೂಟದ ಮೇಲಿನ ದೋಣಿಯನ್ನು ಎತ್ತಿಕೊಂಡು ಹೋಗುತ್ತದೆ. ಗೂಟ ತಗ್ಗಾದರೆ ಕೆಲಸದ ನಡುವೆಯೇ ಮರ ನೆನೆಯುತ್ತದೆ. ಎತ್ತರವಾಯಿತೋ, ದೋಣಿ ಅಟ್ಟದ ಮೇಲಿಟ್ಟ ಪಾತ್ರೆಯಾಗುತ್ತದೆ, ಅಷ್ಟೇ. ದೋಣಿ ಕೂತ ಮೇಲೆ ಗೂಟ ಕೊಯ್ಯುವ ಹಾಗೂ ಇಲ್ಲ, ಬೆನ್ನೆಲುಬು ತಿರುಚುತ್ತದೆ.

ಹಾಗಾಗಿ ಬಾಗಿಲ ಕಂಬದಲ್ಲಿ ಎರಡು ಮೊಳೆ. ಕೆಳಗಿನದು, ಹುಣ್ಣಿಮೆಗೆ ತಪ್ಪದೆ ಬರುವ ನೀರಿನ ಗುರುತು. ಅದಕ್ಕಿಂತ ಒಂದು ಗೇಣು ಮೇಲಿನದು, ಮೇಸ್ತ್ರಿ ತಮ್ಮ ಜೀವಮಾನದಲ್ಲಿ ಕಂಡ ಅತಿ ದೊಡ್ಡ ನೀರಿನದು. ಮಗಳು ಹುಟ್ಟಿದ ವಾರ ಬಂದ ನೀರು ಅದು. ಮೇಲಿನ ಮೊಳೆ ಕತೆ ಹೇಳುವುದಕ್ಕೆ, ಕೆಳಗಿನ ಮೊಳೆ ಕೆಲಸಕ್ಕೆ. ದೋಣಿ ನೀರಿನಲ್ಲಿ ಎಷ್ಟು ಆಳ ಮುಳುಗಿ ನಿಲ್ಲುತ್ತದೋ ಅಷ್ಟನ್ನು ಕೆಳಗಿನ ಮೊಳೆಯಿಂದ ಕೆಳಕ್ಕೆ ಅಳೆದು, ಅಲ್ಲಿಗೆ ಗೂಟ ಕೊಯ್ಯಬೇಕು.

ಈಗ ಮಗಳ ವಿಷಯಕ್ಕೆ ಬರೋಣ. ಬೇರೆ ಹೆಣ್ಣುಮಕ್ಕಳು ಬೊಂಬೆಗೆ ಬಟ್ಟೆ ಹೊಲಿಯುವಾಗ ಇವಳು ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದಳು. ಊರಿನ ಬಾಯಿಗೆ ಬೀಗವಿದೆಯೇ? 'ಸಣ್ಣ ಮೇಸ್ತ್ರಿ' ಎಂದು ಹೆಸರಿಟ್ಟರು, ಅದೂ ಗೌರವಕ್ಕಲ್ಲ, ನಗುವುದಕ್ಕೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾದ ಮೇಲೂ ಬೆಳಗ್ಗೆ ಎದ್ದರೆ ಶೆಡ್ಡಿಗೆ ಹಾಜರು. ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಇಬ್ಬರೂ ಮೇಸ್ತ್ರಿಯ ಮನೆಯ ಮಹಡಿಯಲ್ಲೇ ಇದ್ದರು. ಅಳಿಯ ಸದಾ ಹೆಂಡತಿಯ ಸುತ್ತಮುತ್ತಲೇ ಸುಳಿಯುತ್ತಾನೆಂದು ಅತ್ತೆ ಅವನನ್ನು ಹಿಂದಿನಿಂದ 'ನಮ್ಮ ಉಪಗ್ರಹ' ಎನ್ನುತ್ತಿದ್ದರು. ಅವನಿಗೂ ಗೊತ್ತಿತ್ತು, ನಗುತ್ತಿದ್ದ. ಒಳ್ಳೆಯ ಜೀವ.

ಆ ವರ್ಷ ಮೊದಲ ಬಾರಿಗೆ ಒಂದು ದೋಣಿಯನ್ನು ಬುಡದಿಂದ ತುದಿಯವರೆಗೆ ಮಗಳೇ ಕಟ್ಟಿದಳು. ನದಿ ದಾಟಿಸುವ ದೋಣಿಯವನಿಗಾಗಿ. ಅವನನ್ನು ಎಲ್ಲರೂ ಅವಸರಪ್ಪ ಎನ್ನುತ್ತಿದ್ದರು. ಜನ ಕೂರುವ ಮೊದಲೇ ಹುಟ್ಟು ಹಾಕುವ ಆಸಾಮಿ. ಅವನ ಹಳೆಯ ದೋಣಿಗೆ ತೇಪೆಯ ಮೇಲೆ ತೇಪೆ ಬಿದ್ದಿತ್ತು.

"ನೋಡಮ್ಮ, ಈ ತಿಂಗಳು ಮುಗಿಯೋದ್ರೊಳಗೆ ನೀರಲ್ಲಿರ್ಬೇಕು. ಇಲ್ಲಾಂದ್ರೆ ನಾನು ಫೈಬರ್ ದೋಣಿ ತರಿಸ್ತೀನಿ. ಆಮೇಲೆ ನನ್ನನ್ನ ಬೈಬಾರದು," ಎಂದು ಅವನು ಮೊದಲೇ ಹೇಳಿದ್ದ.

ಅವನು ಬಿಟ್ಟರೆ ಈ ದೋಣಿ ಶೆಡ್ಡಿನಲ್ಲೇ ಕೂರುತ್ತದೆ. ಶೆಡ್ಡಿನಲ್ಲಿ ಕೂತ ದೋಣಿಯನ್ನು ನೋಡಿದ ಮೇಲೆ ಇನ್ಯಾರೂ ಅವಳ ಕೈಗೆ ಕೆಲಸ ಕೊಡುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ಮೇಸ್ತ್ರಿಗೆ ಗೊತ್ತಿದ್ದು, ಬೇರೆಯವರಿಗೆ ಗೊತ್ತಿಲ್ಲವೆಂದು ಅವರು ಅಂದುಕೊಂಡಿದ್ದ ಸಂಗತಿ ಇನ್ನೊಂದಿತ್ತು. ಅವರ ಕಣ್ಣು ಹೋಗುತ್ತಿತ್ತು. ಪೊರೆಯಲ್ಲ, ನರ. ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರು, ಆಪರೇಷನ್ ಮಾಡಿ ಸರಿಮಾಡುವಂಥದ್ದಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮನೆಯಲ್ಲಿ ಜಪ್ಪಯ್ಯ ಎಂದರೂ ಬಾಯಿ ಬಿಡಲಿಲ್ಲ. ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟು ಕಾಣುತ್ತಿತ್ತು. ಉಳಿದದ್ದನ್ನು ಕೈ, ಕಿವಿ ಮತ್ತು ಜಂಬ ಸೇರಿ ಹೇಗೋ ನಿಭಾಯಿಸುತ್ತಿದ್ದವು. ಒಮ್ಮೆ ಹೊಟ್ಟಿನ ಚೀಲವನ್ನು ಕೂಲಿಯವನೆಂದು ತಿಳಿದು, ಸೋಮಾರಿತನದ ಬಗ್ಗೆ ಅದಕ್ಕೆ ಉದ್ದಕ್ಕೂ ಬುದ್ಧಿ ಹೇಳಿದ್ದರು. ಚೀಲ ಎದುರು ಮಾತಾಡಲಿಲ್ಲವಾದ್ದರಿಂದ ಆ ದಿನವೆಲ್ಲ ಖುಷಿಯಾಗಿದ್ದರು.

ಗೂಟ ಕೊಯ್ಯುವ ದಿನ ಅಳತೆ ತಾವೇ ತೆಗೆಯುತ್ತೇನೆಂದು ಹಟ ಹಿಡಿದವರೂ ಅವರೇ.

"ದೋಣಿ ನೀನು ಕಟ್ಟು. ಮೊಳೆ ಅಳತೆ ಮಾತ್ರ ನಂದು. ನಾನಿರೋವರೆಗೆ ನಾನೇ," ಎಂದು ಕಂಬ ತಡವಿ, ಮೊಳೆಯನ್ನು ಬೆರಳಲ್ಲಿ ಹಿಡಿದು, ಅಲ್ಲಿಂದ ಕೆಳಕ್ಕೆ ಅಳೆದು ಕೊಟ್ಟರು. ಮಗಳು ಅದಕ್ಕೆ ಸರಿಯಾಗಿ ಕೊಯ್ದಳು. ಅವಳಿಗಾದರೂ ಕಣ್ಣಿರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅಪ್ಪ ಅಳೆದುಕೊಟ್ಟದ್ದನ್ನು ಮತ್ತೊಮ್ಮೆ ಅಳೆದು ನೋಡುವ ಮಕ್ಕಳು ಎಷ್ಟು ಜನ ಇದ್ದಾರೆ, ಹೇಳಿ.

ಹುಣ್ಣಿಮೆಯ ಬೆಳಗ್ಗೆ ಶೆಡ್ಡಿನ ಮುಂದೆ ಜನ ಸೇರಿದರು. ಕೆಲಸವಿದ್ದವರು ಸ್ವಲ್ಪ, ಇಲ್ಲದವರು ಜಾಸ್ತಿ. ಮಗಳು ಪ್ಯಾಂಟು ಮಡಚಿಕೊಂಡು ದೋಣಿಯ ಮೂತಿಗೆ ಕಟ್ಟಿದ ಹಗ್ಗ ಹಿಡಿದು ನಿಂತಿದ್ದಳು. ಮೇಸ್ತ್ರಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ನೀರಿನ ಸದ್ದು ಕೇಳುತ್ತಿದ್ದರು. ನೀರು ಹೊಸಿಲು ದಾಟಿತು. ಒಳಗೆ ಬಂತು. ಗೂಟಗಳ ಸೊಂಟ ಮುಟ್ಟಿತು, ತಲೆ ಮುಳುಗಿಸಿತು, ದೋಣಿಯ ಹೊಟ್ಟೆಯನ್ನು ತಟ್ಟಿತು. ಅಲ್ಲೇ ನಿಂತಿತು ನೀರು. ಸ್ವಲ್ಪ ಹೊತ್ತು ಮೀನಮೇಷ ಎಣಿಸಿ, ಬಂದ ದಾರಿಯಲ್ಲೇ ಹೊರಟುಹೋಯಿತು. ದೋಣಿ ಎಳ್ಳಷ್ಟೂ ಅಲುಗಲಿಲ್ಲ.

"ಇನ್ನೊಂದು ಗೇಣು ಬೇಕಿತ್ತು," ಎಂದ ಒಬ್ಬ.

"ಗೂಟ ಎತ್ತರ ಆಗಿದೆ. ದೊಡ್ಡ ಮೇಸ್ತ್ರಿ ಕೊಯ್ದಿದ್ರೆ ಹೀಗಾಗ್ತಿತ್ತಾ?" ಎಂದ ಇನ್ನೊಬ್ಬ. ಹೇಳುವವರಿಗೇನು, ನಾಲಿಗೆಗೆ ಎಲುಬಿದೆಯೇ?

ಅವಸರಪ್ಪ ತೋಳು ಮಡಚಿದ. "ಮುಂದಿನ ಸಲ ನೀರು ಬಂದಾಗ ಎಲ್ಲರೂ ಸೇರಿ ತಳ್ಳಿಬಿಡೋಣ."

"ತಳ್ಳೋದು ಬೇಡ," ಎಂದಳು ಮಗಳು. ಅವಳ ಧ್ವನಿ ಸಣ್ಣಗಾಗಿತ್ತು. "ತಪ್ಪು ನಂದು. ಗೂಟ ನಾನು ಸರಿಯಾಗಿ ನೋಡಬೇಕಿತ್ತು."

ಮೇಸ್ತ್ರಿ ಎದ್ದು ಕಂಬ ತಡವಿದರು. ಬೆರಳಿಗೆ ಮೊಳೆ ಸಿಕ್ಕಿತು. ಅಲ್ಲಿಂದ ಒಂದು ಗೇಣು ಕೆಳಗೆ ತಡವಿದರು. ಅಲ್ಲೊಂದು ತೂತು, ಅದರೊಳಗೆ ತುಕ್ಕಿನ ಪುಡಿ. ಕೆಳಗಿನ ಮೊಳೆ ಯಾವಾಗಲೋ ಉಪ್ಪುಗಾಳಿಗೆ ಕರಗಿ ಉದುರಿಹೋಗಿತ್ತು. ತಾವು ಅಳೆದದ್ದು ಮೇಲಿನ ಮೊಳೆಯಿಂದ. ಅಷ್ಟು ಜನರ ಎದುರು ಮಗಳು ತಲೆ ತಗ್ಗಿಸಿ ನಿಂತಿದ್ದಾಳೆ, ಬಾಯಿ ತೆರೆದು ಒಂದು ಮಾತು ಹೇಳಿದರೆ ಸಾಕು. ಹೇಳಲಿಲ್ಲ. ಕಣ್ಣಿಲ್ಲದ ಮೇಸ್ತ್ರಿ ಎಂದು ಕರೆಸಿಕೊಳ್ಳಲು ಅವರಿಗೆ ಧೈರ್ಯ ಸಾಲಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತರು. ಮಗಳು ಅನ್ನದ ತಟ್ಟೆಯನ್ನು ಹಾಗೇ ಮುಂದಕ್ಕೆ ಸರಿಸಿದಳು. ಅಳಿಯನಿಗೆ ಸುಮ್ಮನಿರಲಾಗಲಿಲ್ಲ.

"ಇನ್ನೆರಡು ವಾರಕ್ಕೆ ಅಮಾವಾಸ್ಯೆ ಬರುತ್ತಲ್ಲ, ಆವಾಗ್ಲೂ ದೊಡ್ಡ ನೀರೇ," ಎಂದ.

ಮೇಸ್ತ್ರಿಗೆ ಸಿಟ್ಟು ತೋರಿಸಲು ಒಂದು ನೆಪ ಬೇಕಿತ್ತು. "ಅಮಾವಾಸ್ಯೆ ನೀರಂತೆ! ಮುಖ ತೋರಿಸೋಕೆ ತಾಕತ್ತಿಲ್ಲದ ಚಂದ್ರ ನೀರು ಎತ್ತುತ್ತಾನಾ? ನಮ್ಮ ಶೆಡ್ಡಲ್ಲಿ ದೋಣಿ ಇಳಿಯೋದು ಹುಣ್ಣಿಮೆಗೆ. ಕಣ್ಣಿಗೆ ಕಾಣೋ ಚಂದ್ರ, ಕೈಗೆ ಸಿಗೋ ನೀರು. ಬನ್ನಿ ಹೊರಗೆ, ತೋರಿಸ್ತೀನಿ."

ಎಲ್ಲರೂ ಜಗಲಿಗೆ ಬಂದರು. ಆಗ ತಾನೇ ಕತ್ತಲಾಗುತ್ತಿತ್ತು. ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು, ಮುಖ ಎತ್ತಿ, ಬೆರಳು ಚಾಚಿದರು.

"ನೋಡಿ, ಹೆಂಗೆ ತುಂಬ್ಕೊಂಡು ಬಂದಿದ್ದಾನೆ! ಇವನ ಮುಂದೆ ನಿಮ್ಮ ಅಮಾವಾಸ್ಯೆ ಯಾವ ಲೆಕ್ಕ?"

ಚಂದ್ರ ಎಡಗಡೆ, ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಏರುತ್ತಿದ್ದ. ಮೇಸ್ತ್ರಿಯ ಬೆರಳು ಇದ್ದದ್ದು ಬಲಗಡೆ.

"ಅಪ್ಪಾ," ಎಂದಳು ಮಗಳು ಮೆಲ್ಲಗೆ. "ಅದು ಬೀದಿ ದೀಪ."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಕೆಳಗಿಳಿಸಿದರು. ಹೆಂಡತಿ ಹತ್ತಿರ ಬಂದು ತೋಳು ಹಿಡಿದು ಮೆಟ್ಟಿಲ ಮೇಲೆ ಕೂರಿಸಿದರು.

"ಎರಡು ವರ್ಷದಿಂದ ಹೀಗೇ. ಇವರಾಗೇ ಹೇಳ್ಲಿ ಅಂತ ನಾನೂ ಸುಮ್ಮನಿದ್ದೆ," ಎಂದರು ಹೆಂಡತಿ.

"ನಿನಗೆ ಗೊತ್ತಿತ್ತಾ?"

"ದಿನಾ ನಿಮ್ಮ ಲೋಟ ಒಂದೇ ಜಾಗದಲ್ಲಿ ಇಡ್ತಿದ್ನಲ್ಲ, ಯಾಕೆ ಅಂದ್ಕೊಂಡಿದ್ರಿ? ನನಗೇನು ಬೇರೆ ಜಾಗ ಸಿಗ್ತಿರ್ಲಿಲ್ವಾ?"

ಬಹಳ ವರ್ಷಗಳ ಮೇಲೆ ಮೇಸ್ತ್ರಿ ಅತ್ತದ್ದು ಅಂದೇ. ಅಳುತ್ತಲೇ ಎಲ್ಲ ಹೇಳಿದರು, ಉದುರಿಹೋದ ಮೊಳೆಯ ಕತೆ, ಶೆಡ್ಡಿನಲ್ಲಿ ಬಾಯಿ ಮುಚ್ಚಿಕೊಂಡು ನಿಂತ ಕತೆ. "ನಿನ್ನ ದೋಣೀಲಿ ಎಳ್ಳಷ್ಟೂ ತಪ್ಪಿಲ್ಲ ಮಗಳೇ. ಹಲಗೆ ಹಲಗೆಗೂ ಕೈಯಾಡಿಸಿ ನೋಡಿದ್ದೀನಿ. ನನ್ನಿಂದ ನಿನ್ನ ಮರ್ಯಾದೆ ಹೋಯ್ತು."

ಮಗಳು ಅಪ್ಪನ ಪಕ್ಕದಲ್ಲಿ ಕೂತಳು. ಸಿಟ್ಟೂ ಬಂದಿತ್ತು, ದುಃಖವೂ ಬಂದಿತ್ತು. "ಅಳತೆ ತಪ್ಪಿದ್ದಕ್ಕೆ ಬೇಜಾರಿಲ್ಲಪ್ಪ. ಹೇಳ್ಲಿಲ್ವಲ್ಲ ನೀನು, ಅದಕ್ಕೆ," ಎಂದಳು. ಅಂದವಳೇ ಅಪ್ಪನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಿಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೆಂಡತಿ ಇದ್ದಕ್ಕಿದ್ದಂತೆ ಕೇಳಿದರು. "ಅಲ್ಲ, ಹೋದ ಅಮಾವಾಸ್ಯೇಲಿ ಶೆಡ್ಡಿನ ಕಟ್ಟೆ ಮೇಲಿಟ್ಟಿದ್ದ ನನ್ನ ಹೊಟ್ಟಿನ ಚೀಲ ಬುಡದಲ್ಲಿ ಒದ್ದೆ ಆಗಿತ್ತು. ಸೂರು ಸೋರಿರ್ಬೇಕು ಅಂದ್ಕೊಂಡೆ. ಮಳೆ ಎಲ್ಲಿತ್ತು ಆವಾಗ?"

ಮಗಳು ನೆಟ್ಟಗೆ ಕೂತಳು. ಆ ದಿನ ಅವಳು ತಾಮ್ರದ ಮೊಳೆ ತರಲು ಪೇಟೆಗೆ ಹೋಗಿದ್ದಳು. "ಕಟ್ಟೆ ಮೇಲಕ್ಕೆ ನೀರು ಬಂದಿತ್ತಾ? ಇವತ್ತು ಕಟ್ಟೆಯಿಂದ ಎಷ್ಟೋ ಕೆಳಗೇ ನಿಂತಿತ್ತಲ್ಲಮ್ಮ!"

"ಇನ್ನೊಂದು ಮಾತು ರೀ," ಎಂದರು ಹೆಂಡತಿ. "ಮೇಲಿನ ಮೊಳೆ ಹೊಡೆದಿದ್ದು ಹುಣ್ಣಿಮೆಗೆ ಅಂತ ಊರೆಲ್ಲ ಹೇಳ್ಕೊಂಡು ಬರ್ತೀರಿ. ಅದ್ಯಾವ ಹುಣ್ಣಿಮೆ? ಇವಳು ಹುಟ್ಟಿದ್ದು ಕಗ್ಗತ್ತಲಲ್ಲಿ. ಸೂಲಗಿತ್ತೀನ ಕರ್ಕೊಂಡು ಬರೋಕೆ ಲಾಟೀನು ಹಿಡ್ಕೊಂಡು ಹೋಗಿ ಚರಂಡಿಗೆ ಬಿದ್ದಿರಲಿಲ್ವಾ? ಹೆತ್ತವಳು ನಾನು, ನನಗೆ ಗೊತ್ತಿಲ್ವಾ?"

ಅಳಿಯನಿಗೆ ಈಗ ಕೂತಲ್ಲಿ ಕೂರಲಾಗಲಿಲ್ಲ. "ಅದೇ ಮಾವ, ಅದೇ ನಾನು ಹೇಳೋಕೆ ಹೊರಟಿದ್ದು!"

"ಏನು ಹೇಳ್ತೀರಿ ನೀವು," ಎಂದು ಮೇಸ್ತ್ರಿ ಮೂಗು ಒರೆಸಿಕೊಂಡರು. ಅಳು ನಿಂತ ಕೂಡಲೇ ಜಗಳದ ಶಕ್ತಿ ವಾಪಸು ಬಂದಿತ್ತು. "ಚಂದ್ರ ನೀರನ್ನ ಎಳೀತಾನೆ, ಒಪ್ಪಿದೆ. ಅವನು ನೆತ್ತಿ ಮೇಲಿದ್ದಾಗ ನೀರು ಏರ್ಲಿ. ಆದ್ರೆ ಅವನು ಭೂಮಿಯ ಆ ಕಡೆ, ನಮ್ಮ ಕಾಲ ಕೆಳಗೆ ಇರುವಾಗ್ಲೂ ಏರುತ್ತಲ್ಲ! ದಿನಕ್ಕೆ ಎರಡು ಸಲ ಏರುತ್ತೆ. ಎರಡನೇ ಸಲ ಯಾರು ಎಳೆಯೋದು, ನಿಮ್ಮ ತಾತನಾ?"

"ತಾತ ಅಲ್ಲ ಮಾವ. ನಾವು ಮೂರು ಜನ ಮಾರ್ಕೆಟ್ಟಿಗೆ ಹೋಗೋದು ನೆನಪು ಮಾಡ್ಕೊಳ್ಳಿ. ಮುಂದೆ ಇವಳು. ಅಂಗಡಿ ಕಂಡ್ರೆ ಸಾಕು, ಓಡ್ತಾಳೆ. ನಡುವೆ ನಾನು ಚೀಲ ಹಿಡ್ಕೊಂಡು. ಹಿಂದೆ ನೀವು, ಸಿಕ್ಕಸಿಕ್ಕವರ ಹತ್ರ ಮಾತಾಡ್ಕೊಂಡು. ಮೂರೂ ಜನ ಹೋಗ್ತಿರೋದು ಅಂಗಡಿ ಕಡೆಗೇ. ನಿಮ್ಮನ್ನ ಯಾರೂ ಹಿಂದಕ್ಕೆ ಎಳೀತಿಲ್ಲ. ಆದ್ರೆ ನಡುವೆ ಇರೋ ನನ್ನ ಕಣ್ಣಿಗೆ ಇವಳು ಮುಂದಕ್ಕೆ ದೂರ ಆದ್ಲು, ನೀವು ಹಿಂದಕ್ಕೆ ದೂರ ಆದ್ರಿ. ಹೌದಾ?"

"ಹೌದು."

"ಅಂಗಡೀನೇ ಚಂದ್ರ. ಇವಳು ಚಂದ್ರನ ಕಡೆಯ ನೀರು, ಹತ್ತಿರ ಇರೋದ್ರಿಂದ ಜಾಸ್ತಿ ಎಳೆತ. ನಾನು ಭೂಮಿ, ಸ್ವಲ್ಪ ಕಮ್ಮಿ. ನೀವು ಆ ಕಡೆಯ ನೀರು, ದೂರ ಇರೋದ್ರಿಂದ ಎಲ್ಲರಿಗಿಂತ ಕಮ್ಮಿ, ಅದಕ್ಕೇ ಹಿಂದೆ ಉಳಿದ್ರಿ. ಹೀಗೆ ಎರಡು ಕಡೇನೂ ನೀರು ಉಬ್ಬುತ್ತೆ. ಭೂಮಿ ಒಂದು ಸುತ್ತು ತಿರುಗೋಷ್ಟರಲ್ಲಿ ನಮ್ಮ ಶೆಡ್ಡು ಎರಡೂ ಉಬ್ಬುಗಳನ್ನ ದಾಟುತ್ತೆ. ದಿನಕ್ಕೆ ಎರಡು ಉಬ್ಬರ."

"ಇಷ್ಟು ವರ್ಷಕ್ಕೆ ನಾನು ಹಿಂದೆ ಉಳಿದ ನೀರು ಅಂತಾಯ್ತು," ಎಂದರು ಮೇಸ್ತ್ರಿ. ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಸೂರ್ಯಾನೂ ಹೀಗೇ ಎಳೀತಾನೆ. ಆಳು ದೊಡ್ಡವನು, ಆದ್ರೆ ಬಹಳ ದೂರ. ಅವನಿಂದ ಏಳೋ ಉಬ್ಬು ಚಂದ್ರನದರ ಅರ್ಧದಷ್ಟೂ ಇಲ್ಲ. ಅರ್ಧಚಂದ್ರ ಇರುವಾಗ ಒಬ್ಬ ಆ ದಿಕ್ಕಿಗೆ, ಒಬ್ಬ ಈ ದಿಕ್ಕಿಗೆ ಅಡ್ಡಡ್ಡ ಎಳೆದು, ಒಬ್ಬರ ಕೆಲಸ ಇನ್ನೊಬ್ಬರು ಕೆಡಿಸ್ತಾರೆ. ಆವಾಗ ಸಣ್ಣ ನೀರು. ಹುಣ್ಣಿಮೆ, ಅಮಾವಾಸ್ಯೆ ಎರಡರಲ್ಲೂ ಸೂರ್ಯ, ಭೂಮಿ, ಚಂದ್ರ ಒಂದೇ ಸಾಲಿಗೆ ಬರ್ತಾರೆ. ಇಬ್ಬರ ಉಬ್ಬೂ ಒಂದರ ಮೇಲೊಂದು ಕೂರುತ್ತೆ. ಚಂದ್ರನ ಮುಖಕ್ಕೆ ಬೆಳಕು ಬಿತ್ತಾ ಇಲ್ವಾ ಅನ್ನೋದು ನೀರಿಗೆ ಬೇಕಾಗಿಲ್ಲ ಮಾವ."

"ಎರಡೂ ಸಮ ಅಂದ್ರೆ ಕಟ್ಟೆ ಮೇಲೆ ನೀರು ಹೆಂಗೆ ಬಂತು?" ಎಂದು ಕೇಳಿದಳು ಮಗಳು.

"ಚಂದ್ರನ ದಾರಿ ಸರಿಯಾದ ವೃತ್ತ ಅಲ್ಲ. ತಿಂಗಳಿಗೊಮ್ಮೆ ಹತ್ತಿರ ಬರ್ತಾನೆ, ಒಮ್ಮೆ ದೂರ ಹೋಗ್ತಾನೆ. ಈಗ ಕೆಲವು ತಿಂಗಳಿಂದ ಹತ್ತಿರ ಬರೋದು ಅಮಾವಾಸ್ಯೆ ಹೊತ್ತಿಗೆ ಬೀಳ್ತಿದೆ. ಇವತ್ತಿನ ಹುಣ್ಣಿಮೆ ಚಂದ್ರ ದೂರದವನು. ಸಾಲದ್ದಕ್ಕೆ ಹಗಲೂ ರಾತ್ರಿಯೂ ಸಮ ಆಗೋ ಕಾಲ ಬಂತು, ಸೂರ್ಯ ಭೂಮಿಯ ನಡುಗೆರೆಯ ನೆತ್ತಿ ಮೇಲಿರ್ತಾನೆ, ಅವನ ಎಳೆತಾನೂ ನೇರ. ಮುಂದಿನ ಅಮಾವಾಸ್ಯೆ ನೀರು ಹೋದ ಸಲಕ್ಕಿಂತ ಮೇಲೆ ಬರುತ್ತೆ." ಅಲ್ಲಿಗೆ ನಿಲ್ಲಿಸಿ ಅಳಿಯ ತಲೆ ಕೆರೆದುಕೊಂಡ. "ಬರ್ಬೇಕು. ಗಾಳಿ ಕೈಕೊಡದಿದ್ರೆ."

ಕಾಣದ ಚಂದ್ರನನ್ನು ನಂಬಿ ದೋಣಿ ಇಟ್ಟವರು ಮೇಸ್ತ್ರಿಯ ವಂಶದಲ್ಲೇ ಇರಲಿಲ್ಲ. ಆದರೆ ಈಗ ಅವರಿಗೆ ಕಾಣುವ ಚಂದ್ರನಾದರೂ ಎಲ್ಲಿದ್ದ?

ಮಾರನೆಯ ಬೆಳಗ್ಗೆ ಮಗಳ ಹೆಗಲು ಹಿಡಿದುಕೊಂಡೇ ಅವಸರಪ್ಪನ ದೋಣಿ ನಿಲ್ಲುವ ದಡಕ್ಕೆ ನಡೆದರು. ಹಾಗೆ ಹೆಗಲು ಹಿಡಿದು ಬೀದಿಯಲ್ಲಿ ನಡೆದದ್ದು ಅದೇ ಮೊದಲು. ನದಿ ದಾಟುವ ಜನ ಸಾಲಾಗಿ ನಿಂತಿದ್ದರು. ಅವರೆಲ್ಲರೂ ಕೇಳುವ ಹಾಗೆ ಮೇಸ್ತ್ರಿ ಅವಸರಪ್ಪನಿಗೆ ಹೇಳಿದರು. "ನಂಗೆ ಕಣ್ಣು ಕಾಣಲ್ಲ ಕಣಯ್ಯ. ಗೂಟದ ಅಳತೆ ಕೆಡಿಸಿದ್ದು ನಾನು. ದೋಣಿ ಇವಳದ್ದು, ಅದರಲ್ಲಿ ತಪ್ಪು ಹುಡುಕಿದವನಿಗೆ ನನ್ನ ಉಳಿ ಪೆಟ್ಟಿಗೆ ಬರೆದುಕೊಡ್ತೀನಿ. ಅಮಾವಾಸ್ಯೆ ತನಕ ತಡ್ಕೋ."

ಜನ ಗುಜುಗುಜು ಎಂದರು. ಅವಸರಪ್ಪ ಮಾತ್ರ, ಯಾವತ್ತೂ ಇಲ್ಲದ ನಿಧಾನದಲ್ಲಿ, ಹುಟ್ಟು ಕೆಳಗಿಟ್ಟ. "ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಿತ್ತು ಮೇಸ್ತ್ರಿಗಳೇ. ಹೋದ ವಾರ ನನ್ನ ಹಗ್ಗ ಕಟ್ಟೋ ಕಂಬಕ್ಕೆ ಊಟ ಆಯ್ತಾ ಅಂತ ಕೇಳಿದ್ರಿ."

"ಮತ್ತೆ ಹೇಳ್ಬಾರ್ದಿತ್ತಾ?"

"ನೀವು ಅಷ್ಟು ಪ್ರೀತಿಯಿಂದ ಯಾವತ್ತೂ ನನ್ನ ಕೇಳಿರ್ಲಿಲ್ಲ. ಅದಕ್ಕೆ ಆಯ್ತು ಅಂತ ನಾನೇ ಹೇಳಿದೆ," ಎಂದ ಅವನು. ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮೇಸ್ತ್ರಿಯೂ ನಕ್ಕರು. "ಅಮಾವಾಸ್ಯೆ ಮಾರನೇ ದಿನ ಮಧ್ಯಾಹ್ನ ಫೈಬರ್ ದೋಣಿ ತರೋಕೆ ಲಾರಿಗೆ ಹೇಳಿದ್ದೀನಿ. ಅಲ್ಲಿವರೆಗೆ ತಡೀತೀನಿ. ಆಮೇಲೆ ನನ್ನ ಕೈಯಲ್ಲಿಲ್ಲ."

ಆ ಎರಡು ವಾರ ಮೇಸ್ತ್ರಿಯ ಮನೆಯಲ್ಲಿ ಎಲ್ಲರೂ ಗಾಳಿಯ ಬಗ್ಗೆಯೇ ಮಾತಾಡಿದರು. ಅಳಿಯ ಉಗುರು ಕಚ್ಚಿ ಕಚ್ಚಿ ಬೆರಳಿಗೇ ಬಂದ. ತನ್ನ ಮಾತು ಸುಳ್ಳಾದರೆ ಹೆಂಡತಿಯ ಮುಖ ಹೇಗೆ ನೋಡಲಿ ಎಂಬುದು ಪಾಪ ಅವನ ಚಿಂತೆ.

ಅಮಾವಾಸ್ಯೆ ಬಂತು. ನೀರೂ ಬಂತು. ಹೊಸಿಲು ದಾಟಿ, ಗೂಟ ಮುಳುಗಿಸಿ, ಕಟ್ಟೆಯ ಅಂಚನ್ನು ನೆಕ್ಕಿತು. ದೋಣಿಯ ಹಿಂಭಾಗ ಒಮ್ಮೆ ಕಿರ್ರ್ ಎಂದಿತು. ಅಷ್ಟರಲ್ಲಿ ನೀರು ನಿಂತುಬಿಟ್ಟಿತು.

"ಎರಡು ಬೆರಳು! ಬರೀ ಎರಡು ಬೆರಳು ಕಮ್ಮಿ!" ಅವಸರಪ್ಪ ಕುಣಿದಾಡಿಬಿಟ್ಟ. "ಈಗ ನಾಲ್ಕು ಜನ ಕೈ ಹಾಕಿದ್ರೆ ಹೋಗುತ್ತೆ. ಬನ್ರೋ!"

ನಾಲ್ವರು ನೀರಿಗಿಳಿದೇಬಿಟ್ಟರು. ಮೇಸ್ತ್ರಿಯ ಕಿವಿಗೆ ಅವರ ಕಾಲಿನ ಸದ್ದು ಬಿತ್ತು. ನಾಳೆ ಲಾರಿ ಬರುತ್ತದೆ. ಮಗಳ ದೋಣಿ ಇಲ್ಲೇ ಕೂತು ಒಣಗುತ್ತದೆ. ತಡೆಯಲಾಗಲಿಲ್ಲ ಅವರಿಗೆ. "ತಳ್ಳಿಬಿಡಿ," ಎಂದರು. ಜೀವಮಾನವಿಡೀ ಆಡದ ಮಾತು. "ಹೋಗ್ಲಿ, ಇದೊಂದು ಸಲ ತಳ್ಳಿಬಿಡಿ."

"ಯಾರೂ ಮುಟ್ಟಬಾರದು!"

ಶೆಡ್ಡಿನ ತಗಡು ಅದುರುವಂಥ ಕೂಗು. ನಾಲ್ವರೂ ಕೈ ಹಿಂದಕ್ಕೆ ತೆಗೆದುಕೊಂಡರು. ಮಗಳು ದೋಣಿಗೆ ಬೆನ್ನು ಕೊಟ್ಟು ಅಡ್ಡ ನಿಂತಿದ್ದಳು. "ಇದರ ಬೆನ್ನೆಲುಬು ನಾನು ಕೂರಿಸಿದ್ದು. ಕೂದಲೆಳೆ ತಿರುಚ್ಕೊಂಡ್ರೂ ಮುಂದಿನ ವರ್ಷ ಜನ ತುಂಬಿದ ದೋಣಿ ಸೋರುತ್ತೆ. ನೀರು ಎತ್ತಿದ್ರೆ ಹೋಗ್ಲಿ, ಇಲ್ಲಾಂದ್ರೆ ಇಲ್ಲೇ ಇರ್ಲಿ. ನನಗೆ ಇನ್ನೊಂದು ಕೆಲಸ ಸಿಗದಿದ್ರೂ ಪರವಾಗಿಲ್ಲ."

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದು ಕೂತರು. ಅವಳು ಕೂಗಿದ್ದು ತಮ್ಮದೇ ಧ್ವನಿಯಲ್ಲಿ. ನಾಚಿಕೆಯಾಯಿತು, ಅದರ ಜೊತೆಗೇ ಎದೆ ತುಂಬಿಬಂತು.

"ದೊಡ್ಡ ನೀರು ಅಮಾವಾಸ್ಯೆ ದಿನವೇ ಬರ್ಬೇಕು ಅಂತಿಲ್ಲ," ಎಂದ ಅಳಿಯ. "ಒಂದು ದಿನ ಹಿಂದೆ ಬೀಳುತ್ತೆ. ನೀರು ಅಂದ್ರೆ ಭಾರ, ಕರೆದ ಕೂಡಲೇ ಎದ್ದು ಬರಲ್ಲ. ಹುಣ್ಣಿಮೆಗೆ ಒಂದು ಗೇಣೇ ಕಮ್ಮಿ ಇತ್ತು, ಇದು ಎರಡೇ ಬೆರಳು. ನಾಳೆ ನೋಡೋಣ."

ಇದು ಮೇಸ್ತ್ರಿಗೂ ಗೊತ್ತಿದ್ದ ಮಾತೇ. ಹೆದರಿಕೆಯಲ್ಲಿ ಮರೆತಿದ್ದರು.

ಮಾರನೆಯ ದಿನ ಗಾಳಿ ಇರಲಿಲ್ಲ. ಬಿಸಿಲು ಬಿದ್ದಿತ್ತು. ಮೇಸ್ತ್ರಿ ಸ್ಟೂಲು ಬೇಡವೆಂದು ಹೆಂಡತಿಯ ಕೈ ಹಿಡಿದು ನೀರಿಗಿಳಿದು, ದೋಣಿಯ ಹಲಗೆಯ ಮೇಲೆ ಅಂಗೈ ಇಟ್ಟು ನಿಂತರು. ತಳ್ಳುವುದಕ್ಕಲ್ಲ, ಸುಮ್ಮನೆ. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು.

"ಚಂದ್ರ ಈಗ ಎಲ್ಲಿದ್ದಾನೆ?" ಎಂದು ಕೇಳಿದರು.

"ಸೂರ್ಯನ ಪಕ್ಕದಲ್ಲೇ ಎಲ್ಲೋ ಇರ್ತಾನಂತೆ. ಇವತ್ತು ಯಾರಿಗೆ ಕಾಣ್ತಾನೆ ರೀ," ಎಂದರು ಹೆಂಡತಿ. "ನನಗೂ ಕಾಣಲ್ಲ, ಅಳಿಯನಿಗೂ ಕಾಣಲ್ಲ."

ಅದನ್ನು ಕೇಳಿ ಮೇಸ್ತ್ರಿಗೆ ಏನೋ ಸಮಾಧಾನವಾಯಿತು. ಎಷ್ಟೋ ದಿನಗಳ ಮೇಲೆ ಅವರು ಎಲ್ಲರಷ್ಟೇ ಕಂಡವರಾಗಿದ್ದರು.

ನೀರು ಸೊಂಟಕ್ಕೆ ಬಂದಾಗ ಅಂಗೈಯ ಕೆಳಗೆ ಹಲಗೆ ಒಮ್ಮೆ ಹಗುರವಾಯಿತು. "ಎದ್ದಿತು," ಎಂದರು ಮೇಸ್ತ್ರಿ.

"ಎಲ್ಲಿ? ಇನ್ನೂ ಇಲ್ಲ," ಎಂದ ಅವಸರಪ್ಪ.

"ಎದ್ದಿದೆ ಕಣೋ."

ಮಾತು ಮುಗಿಯುವಷ್ಟರಲ್ಲಿ ದೋಣಿ ತನ್ನಷ್ಟಕ್ಕೆ ತಾನೇ ಮೆಲ್ಲಗೆ ಹಿಂಭಾಗ ತಿರುಗಿಸಿ, ಗೂಟಗಳನ್ನು ಬಿಟ್ಟು, ಮಗಳ ಕೈಯಲ್ಲಿದ್ದ ಹಗ್ಗವನ್ನು ಎಳೆಯಿತು. ಅವಸರಪ್ಪ ಒಂದೇ ಜಿಗಿತಕ್ಕೆ ಒಳಗೆ ಹಾರಿ ಹಲಗೆಗಳ ಸಂದುಗಳನ್ನೆಲ್ಲ ತಡವಿದ. ಒಂದು ಹನಿ ಒಳಗೆ ಬಂದಿರಲಿಲ್ಲ. ಅಳಿಯ ಬಟ್ಟೆ ಸಮೇತ ನೀರಲ್ಲಿ ಕೂತುಬಿಟ್ಟ.

ದೋಣಿಯೊಳಗಿನಿಂದ ಅವಸರಪ್ಪನ ಧ್ವನಿ ಬಂತು. ಆ ಧ್ವನಿಯಲ್ಲಿ ಗೇಲಿ ಇರಲಿಲ್ಲ.

"ಮೇಸ್ತ್ರೀ, ಹಗ್ಗ ಬಿಡ್ತೀರಾ?"

ನಲವತ್ತು ವರ್ಷದ ಅಭ್ಯಾಸ. ದೊಡ್ಡ ಮೇಸ್ತ್ರಿ ಉತ್ತರ ಕೊಡಲು ಬಾಯಿ ತೆರೆದರು. ಹೆಂಡತಿ ಅವರ ಕೈಯನ್ನು ಮೆಲ್ಲಗೆ ಒತ್ತಿದರು.

"ಅವನು ಕೇಳಿದ್ದು ನಿಮ್ಮನ್ನಲ್ಲ ರೀ. ಅವಳ ಕಡೆ ನೋಡ್ಕೊಂಡು ಕೇಳ್ತಿದ್ದಾನೆ."

ಮೇಸ್ತ್ರಿಯ ತೆರೆದ ಬಾಯಿ ಹಾಗೇ ನಗುವಾಯಿತು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲಿಲ್ಲ. ಎಲ್ಲರ ಜೊತೆ ಅವರೂ ಸುಮ್ಮನೆ ನಿಂತು, ಮಗಳು ಏನು ಹೇಳುತ್ತಾಳೋ ಎಂದು ಕಾದರು.